ಮುಚ್ಚಿದ ಗಾಜು

ನಾಯಿಮರಿ ಕೊಟ್ಟ ಅಕ್ಕನವರಿಗೆ, ಗಡಿಯಾರ ರಿಪೇರಿಯವನ ನಮಸ್ಕಾರ.

ಮರಿ ಸತ್ತು ಮೂರು ದಿನವಾಯಿತು. ನಾಳೆ ಬೆಳಿಗ್ಗೆ ನನ್ನ ಹೆಂಡತಿ ನಿಮ್ಮ ಮನೆಗೆ ಜಗಳಕ್ಕೆ ಬರುತ್ತಾಳೆ. ರೋಗದ ಮರಿಯನ್ನು ಜಾತಿನಾಯಿ ಎಂದು ಅಂಟಿಸಿದಿರೆಂದು ಬೀದಿಗೆಲ್ಲ ಕೇಳುವಂತೆ ಬೈಯುತ್ತಾಳೆ. ಅದರ ಎದೆ ಹುಟ್ಟಿನಿಂದಲೇ ದುರ್ಬಲವಾಗಿತ್ತೆಂದು ಅವಳಿಗೆ ಹೇಳಿದವನು ನಾನು.

ಮರಿ ಕೊಡುವ ಮೊದಲು ನೀವು ನೂರೆಂಟು ಪ್ರಶ್ನೆ ಕೇಳಿದಿರಿ. “ಹೆಣ್ಣು ಕೊಡೋರೂ ಇಷ್ಟು ಕೇಳಲ್ಲ ಅಕ್ಕ” ಎಂದು ನಕ್ಕಿದ್ದೆ. “ಚಪ್ಪಟೆ ಮೂತೀದು, ಬೇಸಿಗೇಲಿ ಬೇಗ ಉಸಿರು ಕಟ್ಟುತ್ತೆ. ಲಸಿಕೆ ಮುಗಿಯೋವರೆಗೂ ಬೀದಿನಾಯಿಗಳ ಹತ್ತಿರ ಬಿಡಬೇಡಿ” ಎಂದಿರಿ. ನಾನು ಎರಡನೆಯದನ್ನು ಮಾತ್ರ ನೆನಪಿಟ್ಟುಕೊಂಡೆ.

ಮಂಗಳವಾರ ಮಧ್ಯಾಹ್ನ ಅದಕ್ಕೆ ಲಸಿಕೆ ಹಾಕಿಸಿ ಬರುವಾಗ ನನ್ನ ಅಂಗಡಿಯ ಮುಂದೆ ಬಿಸಿಲಲ್ಲೇ ಕಾರು ನಿಲ್ಲಿಸಿದೆ. ಬೀದಿನಾಯಿಗಳು ಮೂಸಲು ಬಂದವು. ಗಾಜನ್ನು ಪೂರ್ತಿ ಏರಿಸಿ, ಹತ್ತು ನಿಮಿಷವೆಂದು ಒಳಗೆ ಹೋದೆ. ಒಂದು ಕೈಗಡಿಯಾರ ಬಿಚ್ಚಿಕೊಂಡು ಕೂತೆ. ಅದು ಸರಿಯಾಗಿ ನಡೆಯುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು. ಗಾಜಿನ ಒಳಮೈಯೆಲ್ಲ ಮರಿಯ ಮೂಗಿನ ಗುರುತುಗಳಿದ್ದವು. ಅವನ್ನು ಒರೆಸಿದ ಮೇಲೆಯೇ ಮನೆಗೆ ಹೋದೆ.

ಹೆಂಡತಿಯೆದುರು ಇದನ್ನು ಹೇಳಲು ನನಗೆ ಬಾಯಿ ಬರುತ್ತಿಲ್ಲ. ನಿಮ್ಮೆದುರೂ ಇಲ್ಲ, ನೀವು ಮನೆಯಲ್ಲಿಲ್ಲದ ಹೊತ್ತು ನೋಡಿ ಇದನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತಿದ್ದೇನೆ. ಅವಳು ಬೈದು ಮುಗಿಸುವವರೆಗೆ ಕಾಯಬೇಡಿ, ಬಾಗಿಲಲ್ಲೇ ಈ ಪತ್ರ ಕೊಡಿ. ಅವಸರದಲ್ಲಿ ಕನ್ನಡಕ ಬಿಟ್ಟು ಬಂದಿದ್ದರೆ ನೀವೇ ಓದಿ ಹೇಳಿ. ಗಾಜು ಒರೆಸಿದ್ದನ್ನೂ ಬಿಡದೆ ಓದಿ.

ಇಂತಿ,
ನಿಮ್ಮ ಪ್ರಶ್ನೆಗಳಿಗೆಲ್ಲ ಹೂಂ ಎಂದವನು