ಕಾಶಿಯಲ್ಲಿ ಬಿಟ್ಟ ಹಾಲು

ಇಬ್ರಾಹಿಂಪುರ, ವಿಜಯಪುರ
9-2-2025

ಚಿ. ಸೌ. ಶರ್ವರಿಗೆ,

ನಿನ್ನ ಅಪ್ಪನ ಆಶೀರ್ವಾದಗಳು. ನಾನು ಕ್ಷೇಮ, ನಿನ್ನವ್ವ ಹಾಸಿಗೆಯ ಮೇಲೆ ಕ್ಷೇಮ. ಕೊಲ್ಹಾಪುರದಲ್ಲಿ ನೀನು, ಅಳಿಯಂದಿರು, ಮಗು ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ಅವ್ವನ ಆಪರೇಶನ್ ಮುಗಿಸಿಕೊಂಡು ನೀನು ಹೋಗಿ ಮೂರು ವಾರವಾಯಿತು. ದಿನಾ ಫೋನ್ ಮಾಡುವ ಅಪ್ಪ ಈಗ ಪತ್ರ ಯಾಕೆ ಬರೆದ ಎನ್ನಬೇಡ. ಎರಡು ಸಲ ಬರೆದು ಹರಿದುಹಾಕಿದೆ, ತಡವಾದದ್ದು ಅದಕ್ಕೇ, ಕ್ಷಮಿಸು. ಮೊನ್ನೆ ಫೋನಿನಲ್ಲಿ ಅರ್ಧ ಹೇಳಿ ಇಟ್ಟುಬಿಟ್ಟೆ. ನಿನ್ನವ್ವ ಪಕ್ಕದಲ್ಲೇ ಇದ್ದಳು.

ಮೊದಲು ಒಳ್ಳೆಯ ಸುದ್ದಿ ಕೇಳು. ಶುಕ್ರವಾರ ವಾಕರ್ ಹಿಡಿದು ಅಡುಗೆಮನೆಯ ಬಾಗಿಲವರೆಗೆ ಬಂದಳು. ನನ್ನ ಅಡುಗೆಯ ಅವತಾರ ನೋಡಿ, "ಇದೇನ್ರೀ, ಕಟ್ಟಿ ಮ್ಯಾಲೆ ದನಾ ಹಾದುಹೋಗ್ಯಾವೇನು?" ಎಂದಳು. ಬೈಯುವಷ್ಟು ಶಕ್ತಿ ಬಂದಿದೆ ಎಂದು ನನಗೆ ಖುಷಿಯೇ ಆಯಿತು. ನನ್ನ ಸಾರಿಗೆ ಮಾತ್ರ ಇನ್ನೂ ಹೆಸರಿಟ್ಟಿಲ್ಲ.

ಇನ್ನು ಉಳಿದದ್ದು. ಮಂಗಳವಾರ ಅವಳನ್ನು ಸ್ಟೇಷನ್ ರಸ್ತೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರ್ ನದೀಮ ತಿಕೋಟಾ ಹೈಸ್ಕೂಲಿನಲ್ಲಿ ನನ್ನ ಕೈಯಲ್ಲಿ ವಿಜ್ಞಾನ ಕಲಿತ ಹುಡುಗ, ನಿನಗೆ ಗೊತ್ತಲ್ಲ. ಎಲುಬಿನ ಪರೀಕ್ಷೆಯ ಕಾಗದ ಓದಿ ಮೇಜಿನ ಮೇಲಿಟ್ಟ. ಆಮೇಲೆ ನಿನ್ನವ್ವನ ಕಡೆ ಕೈ ಮಾಡಿ, "ಸರ್, ಬಾಯಾರು ಬಿದ್ದದ್ದು ದೊಡ್ಡ ಬೀಳೇನ ಅಲ್ರಿ. ಕುಂತ ಮಣಿ ಮ್ಯಾಲಿಂದ ಏಳಾಕ ಹೋಗಿ ಕುಸದು ಕುಂತಾರ. ಅಷ್ಟಕ್ಕ ತೊಡಿ ಎಲುಬು ಮುರದೈತಿ ಅಂದ್ರ ಅದು ಮೊದಲ ಟೊಳ್ಳಾಗಿತ್ರಿ. ಇವರು ಹಾಲು, ಮೊಸರು ಎಷ್ಟು ತಗೋತಾರ್ರಿ?" ಎಂದು ಕೇಳಿದ.

ನಾನು ಎದೆ ಉಬ್ಬಿಸಿ ಹೇಳಿದೆ. "ನಮ್ಮ ಮನಿಗೆ ದಿನಾ ಒಂದೂವರಿ ಲೀಟರ್ ಎಮ್ಮಿ ಹಾಲು ಬರ್ತದಪಾ."

"ಅದನ್ನ ಕೇಳಲಿಲ್ರಿ ಸರ್. ಬಾಯಾರು ಎಷ್ಟು ತಗೋತಾರ?"

ಪ್ರಶ್ನೆ ಸರಿಯಾಗಿ ಓದದೆ ಉತ್ತರ ಬರೆಯುತ್ತೀರಿ ಎಂದು ಅದೇ ಹುಡುಗನ ಕಿವಿ ಹಿಂಡಿದವನು ನಾನು. ನಿನ್ನವ್ವನ ಕಡೆ ನೋಡಿದೆ. ಅವಳು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದಳು. ನಲವತ್ತೆಂಟು ವರ್ಷ ಸಂಸಾರ ಮಾಡಿದವಳು ದಿನಕ್ಕೆ ಎಷ್ಟು ಹಾಲು ಕುಡಿಯುತ್ತಾಳೆ ಎಂಬುದು ನನಗೆ ಗೊತ್ತಿರಲಿಲ್ಲ.

ನದೀಮ ಮುಂದೆ ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. "ವಯಸ್ಸೂ ಐತ್ರಿ, ಊಟಾನೂ ಐತ್ರಿ. ವಯಸ್ಸು ನಮ್ಮ ಕೈಯಾಗಿಲ್ಲ. ಬ್ಯಾಳಿ, ಎಳ್ಳು, ಮೆಂತೇಪಲ್ಲೆ, ಹಾಲು, ಮುಂಜಾನೆ ಬಿಸಲು, ಜೋಡಿಗೆ ಗುಳಿಗಿ. ಇಷ್ಟೂ ನಡೀಬೇಕು. ಇಲ್ಲಂದ್ರ ಇನ್ನೊಂದು ಕಡೀನೂ ಮುರೀತೈತಿ. ಆಗ ಇವರನ್ನ ಎಬ್ಬಿಸಿ ನಡಸೂದು ನನ್ನಿಂದ ಆಗಲಿಕ್ಕಿಲ್ರಿ."

ಅವತ್ತೇ ಸಂಜೆ ಬಬಲೇಶ್ವರದಿಂದ ನಿನ್ನ ರೇಣುಕಾ ಮಾಮಿ ಬಂದಳು. ಅವ್ವನ ತವರಿನಲ್ಲಿ ಎಮ್ಮೆ ಈದಿದೆಯಂತೆ, ಡಬ್ಬಿ ತುಂಬ ಗಿಣ್ಣ ತಂದಿದ್ದಳು. ಹುಡುಗಿಯಾಗಿದ್ದಾಗ ನಿನ್ನವ್ವ ಗಿಣ್ಣಕ್ಕಾಗಿ ತಮ್ಮನ ಜೊತೆ ಜಗಳವಾಡುತ್ತಿದ್ದಳಂತೆ. "ಮೊದಲು ನಿಮ್ಮ ಅಕ್ಕಗ ಕೊಡವಾ, ಡಾಕ್ಟರ್ ಹೇಳ್ಯಾರ" ಎಂದೆ. ರೇಣುಕಾ ಚಮಚ ಹಿಡಿದವಳು ಹಾಗೇ ನಿಂತಳು.

"ಇದನ್ನ ನಿಮಗ ತಂದೀನಿ ಭಾವಾ. ಅಕ್ಕ ಕಾಶಿಗೆ ಹೋಗಿಬಂದಾಗಿಂದ ಹಾಲಿಂದು ಏನೂ ಮುಟ್ಟೂದಿಲ್ಲಲ್ಲ. ನಿಮಗ ಗೊತ್ತಿಲ್ಲೇನು?"

ಶರ್ವರಿ, ಕಾಶಿಗೆ ಹೋಗಿದ್ದು ನಾನು ನಿವೃತ್ತನಾದ ವರ್ಷ, ಹದಿನೆಂಟು ವರ್ಷದ ಹಿಂದೆ. ಅಲ್ಲಿಗೆ ಹೋದವರು ತಿನ್ನುವ ಒಂದು ವಸ್ತುವನ್ನು ಗಂಗೆಯಲ್ಲಿ ಬಿಟ್ಟು ಬರುವ ರೂಢಿ ನಮ್ಮಲ್ಲಿದೆ. ಬಿಟ್ಟದ್ದನ್ನು ಆಮೇಲೆ ಬದುಕಿರುವ ತನಕ ತಿನ್ನುವಂತಿಲ್ಲ. ನಾನು ಹಾಗಲಕಾಯಿ ಬಿಟ್ಟೆ. ಹಾಗಲಕಾಯಿಯನ್ನು ನಾನು ಹುಟ್ಟಿದಾಗಿನಿಂದ ಬಿಟ್ಟೇ ಇದ್ದೆ ಎಂಬುದು ಬೇರೆ ಮಾತು. ಅವಳೂ ನನ್ನಂತೆಯೇ ಏನೋ ಒಂದು ಕಾಯಿ ಬಿಟ್ಟಿರಬೇಕೆಂದು ತಿಳಿದುಕೊಂಡಿದ್ದೆ. ಕೇಳಲೂ ಇಲ್ಲ.

ಪಕ್ಕದ ಮನೆಯ ಯಾಸ್ಮೀನಳಿಗೂ ಗೊತ್ತಿದೆ. "ಕಾಕಾ, ಕಾಕು ನಮ್ಮನ್ಯಾಗ ಯಾವಾಗ್ಲೂ ಹಾಲಿಲ್ಲದ ಕರೀ ಚಹಾನ ಕುಡಿಯೂದ್ರಿ" ಎಂದಳು. ಓಣಿಗೆಲ್ಲ ಗೊತ್ತಿದ್ದದ್ದು ನನಗೊಬ್ಬನಿಗೆ ಗೊತ್ತಿಲ್ಲ. ಹೇಗೆ ಗೊತ್ತಾಗಬೇಕು? ನನಗೆ ಬಡಿಸುತ್ತಾಳೆ, ನಾನು ಉಂಡು ಕೈ ತೊಳೆದು ಪೇಪರು ಹಿಡಿಯುತ್ತೇನೆ, ಆಮೇಲೆ ಅವಳು ಉಣ್ಣುತ್ತಾಳೆ. ಅವಳ ತಾಟಿನಲ್ಲಿ ಏನಿದೆ ಎಂದು ನಾನು ನೋಡಿದವನೇ ಅಲ್ಲ. ಈ ಮೂರು ವಾರ ಬಡಿಸಿದವನು ನಾನೇ, ಆದರೂ ಹಾಲು ಬೇಡ ಎಂದರೆ ಬಾಯಿಗೆ ರುಚಿಯಿಲ್ಲವೆಂದುಕೊಂಡೆ. ತಿಂಗಳಿಗೆ ಎರಡು ಏಕಾದಶಿ, ಶನಿವಾರಕ್ಕೊಂದು ಒಪ್ಪತ್ತು, ಉಳಿದ ದಿನ ಅರ್ಧ ಜೋಳದ ಭಕ್ರಿ, ಮಿಕ್ಕ ತಿಳಿಸಾರು. ಮೂವತ್ತಮೂರು ವರ್ಷ ಊರ ಮಕ್ಕಳಿಗೆ ಎಲುಬಿಗೆ ಸುಣ್ಣದಂಶ ಬೇಕು, ಹಾಲು ಕುಡಿಯಿರಿ ಎಂದು ಕೂಗಿ ಹೇಳಿದ ಮಾಸ್ತರ ನಾನು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಈಗ ಗುಳಿಗೆ ನುಂಗುತ್ತಾಳೆ. ಎಳ್ಳಿನ ಚಟ್ನಿ, ಗಟ್ಟಿ ಬೇಳೆ ಎರಡು ತುತ್ತು ತಿನ್ನುತ್ತಾಳೆ, ಅದಕ್ಕಿಂತ ಹೆಚ್ಚು ಹೊಟ್ಟೆಗೆ ಸೇರುವುದಿಲ್ಲ. ತೂಕ ಮೂವತ್ತೆಂಟು ಕಿಲೋ. ಇಷ್ಟು ಕಡಿಮೆ ಉಣ್ಣುವವರಿಗೆ ಹಾಲೇ ಸುಲಭದ ದಾರಿ ಎನ್ನುತ್ತಾನೆ ನದೀಮ. ಇವಳು, "ಬಿಟ್ಟದ್ದು ಬಿಟ್ಟೆ. ಈಗ್ಯಾಕ ಆ ಮಾತು?" ಎಂದು ಮುಖ ತಿರುಗಿಸುತ್ತಾಳೆ. ನೀನು ಹೇಳಿದರೆ ಕೇಳಬಹುದು. ಮಗುವಿನ ಪರೀಕ್ಷೆ ಮುಗಿದ ಕೂಡಲೇ ಬಂದು ಹೋಗು. ಇನ್ನೊಂದು ಎಲುಬು ಮುರಿದರೆ ಎಂಬ ಹೆದರಿಕೆಯಲ್ಲಿ ಅವಳು ಎದ್ದು ನಿಂತಾಗಲೆಲ್ಲ ನಾನೂ ಎದ್ದು ನಿಲ್ಲುತ್ತೇನೆ.

ಅವ್ವನಿಗೆ ಹಾಲು ಬಿಡಲು ಹೇಳಿದವರು ಯಾರು, ಘಾಟಿನ ಪುರೋಹಿತರೇ ಎಂದು ಮೊನ್ನೆ ಫೋನಿನಲ್ಲಿ ನೀನು ಸಿಟ್ಟಿನಿಂದ ಕೇಳಿದೆ. ಇರಬಹುದು ಎಂದೆ.

ನೀನು ಹೊತ್ತು ಹೊತ್ತಿಗೆ ಉಣ್ಣು. ಎಲ್ಲರಿಗೂ ಬಡಿಸಿ ಕಡೆಗೆ ಕೂಡುವ ಚಾಳಿ ಇದ್ದರೆ ಇವತ್ತೇ ಬಿಡು. ಮಗುವಿಗೆ ಮುತ್ತು, ಅಳಿಯಂದಿರಿಗೆ ಆಶೀರ್ವಾದ. ದೇವರು ನಿನ್ನನ್ನು ಗಟ್ಟಿಯಾಗಿಟ್ಟಿರಲಿ.

ನಿನ್ನ ಅಪ್ಪ,
ಸುಶೀಲೇಂದ್ರ

ತಾ.ಕ.: 10ನೇ ತಾರೀಖು, ಮುಂಜಾನೆ. ಪತ್ರ ಅಂಟಿಸುವ ಮೊದಲು ಇದನ್ನೂ ಬರೆಯಲೇಬೇಕು. ಪುರೋಹಿತರ ತಪ್ಪಿಲ್ಲ. ಏನಾದರೂ ಒಂದು ಬಿಡಿ ಎಂದರು, ಅಷ್ಟೇ. "ನಾ ಏನು ಬಿಡ್ಲಿ?" ಎಂದು ನಿನ್ನವ್ವ ಕೇಳಿದ್ದು ನನ್ನನ್ನು. ನನಗೆ ರೈಲಿನ ಅವಸರ. "ಹಾಲು ಮೊಸರು ಬಿಡು, ಕೆನಿ ಎಲ್ಲಾ ನನಗ ಉಳೀತದ" ಎಂದೆ. ಜೊತೆಯವರು ನಕ್ಕರು, ಅವಳೂ ನಕ್ಕಳು. ನಾನು ಅದನ್ನು ಅಲ್ಲೇ ಮರೆತೆ. ರೇಣುಕಾ ಕಾಶಿ ಎಂದಾಗಲೇ ನೆನಪಾಗಿತ್ತು, ನಿನಗೆ ಹೇಳಲು ಬಾಯಿ ಬರಲಿಲ್ಲ.

ಇವತ್ತು ಹಾಲಿನ ಲೋಟ ಹಿಡಿದುಕೊಂಡು ಅವಳ ಮುಂದೆ ಕುಳಿತು, ಅದು ಬರೀ ತಮಾಷೆ, ಚ್ಯಾಷ್ಟಿಯ ಮಾತಾಗಿತ್ತು, ತಪ್ಪಾಯಿತು, ಕುಡಿ ಎಂದೆ.

"ಚ್ಯಾಷ್ಟಿ ಅಂತ ಆವತ್ತೇ ಗೊತ್ತಿತ್ತು" ಎಂದಳು. "ಊರಿಗೆ ಬಂದು ನಾಕು ದಿನಾ ಬಿಟ್ಟು ನೋಡೋಣ ಅಂದೆ. ನೀವು ನೋಡ್ತೀರಿ, 'ಹುಚ್ಚೇನು, ಕುಡಿ' ಅಂತೀರಿ, ಕುಡದರಾತು ಅನ್ಕೊಂಡಿದ್ದೆ."

ಅಷ್ಟು ಹೇಳಿ ನನ್ನ ಕೈಯಿಂದ ಲೋಟ ಇಸಿದುಕೊಂಡು ಕುಡಿದಳು.