ಒಂದು ಖಾನಾಪುರ ಕೊಡ್ರಿ

ಅನಗೋಳ, ಬೆಳಗಾವಿ
ಶನಿವಾರ, 8 ಫೆಬ್ರುವರಿ 2025

ಮಗಳೇ ನೀಲಾ,

ಆರಾಮ ಇದ್ದೀಯಲ್ಲ? ಕಲಬುರಗಿಯಲ್ಲಿ ಆಗಲೇ ಬಿಸಿಲು ಸುಡುತ್ತಿರಬೇಕು. ಸಾಲಿಯಲ್ಲಿ ಪಾಠ ಮಾಡಿ ಬಂದವಳೇ ತಣ್ಣೀರು ಕುಡಿದು ಗಂಟಲು ಕೆಡಿಸಿಕೊಳ್ಳಬೇಡ. ಅಳಿಯಂದಿರ ಬೆನ್ನುನೋವು ಹೇಗಿದೆ? ನನ್ನ ಮೊಣಕಾಲು ಇದ್ದ ಹಾಗೇ ಇದೆ, ಅದರ ಬಗ್ಗೆ ಬರೆಯುವಂಥದ್ದೇನಿಲ್ಲ. ಫೋನ್ ಬಿಟ್ಟು ಅಪ್ಪ ಕಾಗದ ಯಾಕೆ ಬರೆದ ಎಂದು ನಗಬೇಡ. ಹೋದ ತಿಂಗಳು ನೀನು ಆಯಿಯನ್ನು ಆರೈಕೆ ಮನೆಗೆ ಸೇರಿಸುವ ಮಾತು ಎತ್ತಿದಾಗ "ನಾ ಸತ್ತ ಮ್ಯಾಲ ಸೇರಿಸು" ಎಂದು ಚೀರಿ ಫೋನ್ ಇಟ್ಟವನು ನಾನು. ಅದೇ ಬಾಯಿಂದ ಈಗ ಬೇರೆ ಮಾತು ಆಡಲು ನಾಚಿಕೆಯಾಗುತ್ತದೆ.

ಆ ಮರೆವಿನ ರೋಗಕ್ಕೆ ಆಯಿ ಕನ್ನಡ ಆಡುವುದನ್ನೂ ಮರೆತಳು. ನಲವತ್ತೇಳು ವರ್ಷ ನನ್ನ ಜೊತೆ ಜಗಳವನ್ನೂ ಕನ್ನಡದಲ್ಲೇ ಆಡಿದವಳು ಈಗ ತವರಿನ ಮರಾಠಿ ಬಿಟ್ಟು ಒಂದಕ್ಷರ ಆಡುವುದಿಲ್ಲ. ಗಂಡನಾದ ನನ್ನನ್ನು ಕರೆಯುವುದು ಕಾಕಾ ಎಂದು, ಚಿಕ್ಕಪ್ಪನನ್ನು ಕರೆದ ಹಾಗೆ. ಆ ಕಥೆ ನಿನಗೆ ಬಾಯಿಪಾಠ: ಖಾನಾಪುರ ಬಸ್ಸಿನಲ್ಲಿ ನಾನು ಹೊಸ ಕಂಡಕ್ಟರ್, ಮೀಸೆ ಆಗಷ್ಟೇ ದಪ್ಪಗಾಗಿತ್ತು. ಕಾಲೇಜು ಹುಡುಗಿಯೊಬ್ಬಳು "ಕಾಕಾ, ಏಕ ಖಾನಾಪೂರ ದ್ಯಾ" ಎಂದಳು. ಮೈಯೆಲ್ಲ ಉರಿದು "ನಾ ಯಾವ ಕಡಿಂದ ನಿನಗ ಕಾಕಾ ಕಾಣಸ್ತೀನಿ?" ಎಂದೆ. ಅದರ ಮುಂದಿನದ್ದೆಲ್ಲ ಆಗಿಯೇ ನೀನು ಹುಟ್ಟಿದ್ದು. ಈಗ ಆಕೆ ಮತ್ತೆ ಅದೇ ಬಸ್ಸಿನಲ್ಲಿದ್ದಾಳೆ. ಸಂಜೆಯಾದರೆ ಸಾಕು, ಮನೆಗೆ ಹೋಗಬೇಕು, ಒಂದು ಖಾನಾಪುರ ಕೊಡ್ರಿ ಎಂದು ಬಾಗಿಲಲ್ಲಿ ನಿಲ್ಲುತ್ತಾಳೆ.

ಇದೇ ನಿನ್ನ ಮನೆ ಎಂದರೆ ಅಳುತ್ತಿದ್ದಳು. ಅದಕ್ಕೆ ನಾನೊಂದು ಉಪಾಯ ಹೂಡಿದೆ. ಕಿಟಕಿ ಹತ್ತಿರ ಕುರ್ಚಿ ಹಾಕುವುದು, ಕಾಗದದ ಚೂರಿನ ಮೇಲೆ "ಖಾನಾಪುರ 1" ಎಂದು ಬರೆದು ಕೈಗೆ ಕೊಡುವುದು, "ಕುಂದರ್ರಿ, ಗಾಡಿ ಬಿಡತೈತಿ" ಅನ್ನುವುದು. ಚೀಟಿ ಹಿಡಿದು ಕೂತವಳು ಊಟದ ಹೊತ್ತಿಗೆ ಎಲ್ಲ ಮರೆತಿರುತ್ತಿದ್ದಳು. ನಾಲ್ಕು ತಿಂಗಳು ಹೀಗೇ ನಡೆಯಿತು. ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ, ಖರೇ ಹೇಳುತ್ತೇನೆ.

ಬುಧವಾರ ಬೆಳಿಗ್ಗೆ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು, ಆಯಿ ಇರಲಿಲ್ಲ. ಮೂರು ತಾಸು ಹುಡುಕಿದೆ ನೀಲಾ, ಯಾರನ್ನು ಏನು ಕೇಳಿದೆನೋ ನೆನಪಿಲ್ಲ. ಕೊನೆಗೆ ಮಚ್ಛೆಯ ಕಾರ್ಖಾನೆಯೊಂದರ ವಾಚಮನ್ ಫೋನ್ ಮಾಡಿದ. ಖಾನಾಪುರ ರಸ್ತೆ ಹಿಡಿದು ಅಷ್ಟು ದೂರ ಬರಿಗಾಲಲ್ಲಿ ನಡೆದಿದ್ದಾಳೆ. ಹಿಂದಿನ ಸಂಜೆಯ ಚೀಟಿಯನ್ನು ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದಳು. ಹೋಗುವ ಲಾರಿಗಳಿಗೆಲ್ಲ ಅದನ್ನು ತೋರಿಸುತ್ತಿದ್ದಳಂತೆ. ಡಾಕ್ಟರು ಬರೆದ ಹಾಳೆಯಿಂದ ಹರಿದ ಚೂರು ಅದು, ಹಿಂದೆ ನನ್ನ ಮೊಬೈಲ್ ನಂಬರ್ ಇತ್ತು, ಉಳಿದಳು. ಅಂಗಾಲಿನ ಬೊಬ್ಬೆಗೆ ಮುಲಾಮು ಹಚ್ಚುವಾಗ, ಟಿಕೀಟು ಇದ್ದರೂ ಯಾರೂ ಹತ್ತಿಸಿಕೊಳ್ಳಲಿಲ್ಲ ಎಂದು ನನಗೇ ದೂರು ಹೇಳಿದಳು. ಆ ಟಿಕೀಟು ಕೊಟ್ಟವನು ನಾನು.

ನಿನ್ನೆ ಪಕ್ಕದ ಮನೆಯವರನ್ನು ಆಯಿಯ ಹತ್ತಿರ ಕೂರಿಸಿ ಖಾನಾಪುರಕ್ಕೆ ಹೋಗಿ, ಸಾಯಲಿ ಎಂಬ ನರ್ಸ್ ನಡೆಸುವ ಆರೈಕೆ ಮನೆ ನೋಡಿಬಂದೆ. ಎಂಟು ಜನ ಹೆಣ್ಣುಮಕ್ಕಳಿದ್ದಾರೆ, ಮಾತೆಲ್ಲ ಮರಾಠಿ, ಗೇಟಿಗೆ ಸದಾ ಚಿಲಕ. ಖಾಲಿ ಇರುವ ಒಂದು ಹಾಸಿಗೆಯನ್ನು ಸೋಮವಾರದವರೆಗೆ ಹಿಡಿದಿಡುತ್ತಾಳಂತೆ. "ಇನ್ನೂ ಅಡ್ಡಾಡೂವಾಗನ ಕರಕೊಂಡು ಬರ್ರಿ. ಹಾಸಗಿ ಹಿಡದ ಮ್ಯಾಲ ತಂದ್ರ ಹೊಸಾ ಜಾಗಾ ರೂಢಿ ಆಗೂದಿಲ್ಲ" ಎಂದಳು. ಮೇ ರಜೆಗೆ ನೀನು ಬರುತ್ತೀ, ಆಗ ನೋಡೋಣ ಅನ್ನುತ್ತದೆ ಮನಸ್ಸು. ಆಕೆಯ ಅಂಗಾಲು ನೋಡಿದರೆ ಸೋಮವಾರವೇ ಅನ್ನಿಸುತ್ತದೆ. ಹೆಂಡತಿಯನ್ನು ಬಿಟ್ಟು ಬಂದವನು ಎಂದು ಹೇಗೆ ಬದುಕಲಿ? ನಿನಗೇನು ಅನಿಸುತ್ತದೆ ಬರೆ, ಬೈಯುವುದಿದ್ದರೂ ಬೈ. ಈ ಕಾಗದ ನಿನ್ನ ಕೈ ಸೇರುವಾಗ ಸೋಮವಾರ ದಾಟಿರುತ್ತದೆ ಎಂಬುದೂ ನನಗೆ ಗೊತ್ತು.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಬಸವಣ್ಣ ನಿಮ್ಮಿಬ್ಬರನ್ನೂ ಸುಖವಾಗಿಡಲಿ.

ನಿನ್ನ ಅಪ್ಪ,
ಗುರುಪುತ್ರಪ್ಪ

ತಾ.ಕ.: ಇದನ್ನು ಇನ್ನೂ ಡಬ್ಬಿಗೆ ಹಾಕಿರಲಿಲ್ಲ. ಇವತ್ತು ಸೋಮವಾರ. ಆಯಿಯನ್ನು ಬಸ್ಸಿನಲ್ಲೇ ಕರೆದುಕೊಂಡು ಹೋದೆ, ಕಿಟಕಿ ಸೀಟು ಸಿಕ್ಕಿತು. ಸ್ಟ್ಯಾಂಡಿನಲ್ಲಿ "ಖಾನಾಪುರ ಬಂತ್ರಿ, ಇಳೀರಿ" ಎಂದೆ. ಈ ಸಲ ಸುಳ್ಳಾಡಲಿಲ್ಲ. ಸಾಯಲಿಯ ಗೇಟಿನಲ್ಲಿ ನನ್ನ ಕಾಲೇ ಕೀಳಲಿಲ್ಲ. ಒಳಗೆ ಹೋದ ಆಯಿ ತಿರುಗಿ ಬಂದು ನನ್ನನ್ನೇ ಸಮಾಧಾನ ಮಾಡಿದಳು: ಹೊತ್ತಾಯಿತು, ಮನೆಗೆ ಹೋಗ್ರಿ ಕಾಕಾ, ನಿಮ್ಮ ಹೆಂಡತಿ ದಾರಿ ಕಾಯುತ್ತಿರುತ್ತಾಳೆ. ಬಂದೆ. ಬಾಗಿಲಿಗೆ ಬೆಳಿಗ್ಗೆ ನಾನೇ ಹಾಕಿದ ಬೀಗವಿತ್ತು. ಮೇ ತನಕ ಕಾಯಬೇಡ ಮಗಳೇ, ಈ ವಾರವೇ ಬಾ.