ಗುಂಡ್ಲುಪೇಟೆ ಬಸ್ಸಿನಲ್ಲಿ ಬಂದ ಪುಸ್ತಕಗಳು

ಒಂಟಿಕೊಪ್ಪಲ್, ಮೈಸೂರು
ಸಂಕ್ರಾಂತಿಯ ಮಾರನೆಯ ದಿನ, ೧೯೫೮

ಗುಂಡ್ಲುಪೇಟೆಯ ನಂಜಮ್ಮಣ್ಣಿಯವರಿಗೆ ಪುಟ್ಟಬಸಮ್ಮನ ಶರಣು.

ಈ ಒಂದು ಸಾಲಿಗೇ ಮೂರು ಹಾಳೆ ಹಾಳಾದವು. ಮೊದಲು ‘ಬೀಗಿತ್ತಿಯವರಿಗೆ’ ಎಂದು ಬರೆದೆ. ನಿನ್ನೆ ಕೇಳಿದ ಸುದ್ದಿ ನಿಜವಾದರೆ ಆ ಮಾತು ಸುಳ್ಳು. ಆಮೇಲೆ ‘ಶ್ರೀಮತಿಯವರಿಗೆ’ ಎಂದೆ. ಕೋರ್ಟಿನ ನೋಟೀಸಿನ ಹಾಗೆ ಕಂಡಿತು. ‘ಅಕ್ಕಾ’ ಎನ್ನೋಣವೆಂದರೆ, ಜಗಳಕ್ಕೆ ಕೂತವಳು ಅಕ್ಕ ಎಂದು ಶುರು ಮಾಡಿದರೆ ಜಗಳ ಎಲ್ಲಿ ಉಳಿಯುತ್ತದೆ? ಜಗಳಕ್ಕೆ ಕೂತಿದ್ದೇನೋ ಇಲ್ಲವೋ, ಅದೂ ಸರಿಯಾಗಿ ಗೊತ್ತಿಲ್ಲ. ಅದಕ್ಕೇ ಬರೀ ಹೆಸರು.

ನಾನು ಹಪ್ಪಳ, ಸಾರಿನ ಪುಡಿ ಮಾಡಿ ಮಾರುವವಳು. ಯಜಮಾನರು ತೀರಿಕೊಂಡಾಗ ನನ್ನ ಪಾಲಿಗೆ ಉಳಿದದ್ದು ಒಂದು ಒರಳು, ಒಂದು ಹೆಣ್ಣು ಕೂಸು. ಈಗ ಮಾರುಕಟ್ಟೆಯ ಅಂಗಡಿಯವರು ನನ್ನ ಹಪ್ಪಳಕ್ಕೆ ಮನೆ ಬಾಗಿಲಿಗೆ ಬರುತ್ತಾರೆ. ಮೆಣಸಿನಕಾಯಿ ಮೂಟೆಯ ಬಾಯಿ ಬಿಚ್ಚಿದರೆ ಸಾಕು, ತಳದಲ್ಲಿ ಏನು ತುಂಬಿದ್ದಾರೆಂದು ಹೇಳಬಲ್ಲೆ. ನಿಮ್ಮ ಮನೆಯ ಮೂಟೆಗೆ ಮಾತ್ರ ಇಷ್ಟು ದಿನ ಕೈ ಹಾಕಿದರೂ ತಳ ಸಿಗಲಿಲ್ಲ.

ಗೌರಿ ಹಬ್ಬ ಕಳೆದ ಮೇಲೆ ನೀವು ಹೆಣ್ಣು ನೋಡಲು ಬಂದದ್ದನ್ನು ನಿಮಗೇ ಹೇಳಬೇಕಾಗಿಲ್ಲ. ಆದರೂ ನಾನು ಎಲ್ಲಿ ತಪ್ಪು ಕೂಡಿಸಿದೆ ಎಂದು ನೋಡಿಕೊಳ್ಳಲು ಹೇಳುತ್ತೇನೆ. ನಿಮ್ಮ ಯಜಮಾನರು ವೃಷಭೇಂದ್ರಪ್ಪನವರು ಒಂದು ಹಾಡು ಹೇಳಮ್ಮ ಎಂದರು. ನನ್ನ ಮಗಳು ಸರ್ವಮಂಗಳಾ, ಹಾಡು ಬರೋಲ್ಲ ಎಂದಳು. ಮತ್ತೇನು ಬರುತ್ತಮ್ಮ ಎಂದದ್ದಕ್ಕೆ, ಓದೋಕೆ ಬರುತ್ತೆ ಎಂದಳು. ಬಾಗಿಲ ಸಂದಿಯಲ್ಲಿ ನಿಂತು ನಾನು ಹಣೆ ಚಚ್ಚಿಕೊಂಡೆ. ನೀವು ಮಾತ್ರ ಎದ್ದು ನೇರವಾಗಿ ಒಳಗೆ ಬಂದು, ಏನೇನು ಓದಿದೀಯ ತೋರಿಸು ಬಾ ಎಂದು ಅವಳ ಕೈ ಹಿಡಿದುಕೊಂಡಿರಿ. ಪಡಸಾಲೆಯಲ್ಲಿ ಗಂಡಸರು ಗೋಡೆ ನೋಡುತ್ತಾ ಕೂತರು. ನೀವಿಬ್ಬರೂ ಯಾವುದೋ ಕಥೆಯ ಹುಡುಗಿ ತವರಿಗೆ ವಾಪಸು ಹೋದದ್ದು ಸರಿಯೇ ತಪ್ಪೇ ಎಂದು ವಾದಕ್ಕೆ ಬಿದ್ದಿರಿ. ಉಪ್ಪಿಟ್ಟು ಆರಿತು. ನನ್ನ ಎದೆ ತಣ್ಣಗಾಯಿತು. ಸಂಬಂಧ ಕುದುರಿತು ಅಂದುಕೊಂಡೆ.

ಹೊರಡುವಾಗ ವೃಷಭೇಂದ್ರಪ್ಪನವರು, ‘ಊರಿಗೆ ಹೋಗಿ ಕಾಗದ ಬರೀತೀವಿ’ ಎಂದರು. ಆ ಮಾತಿನ ಅರ್ಥ ಹೆಣ್ಣು ಹೆತ್ತ ಯಾರಿಗೆ ಗೊತ್ತಿಲ್ಲ? ಅದು ಬಾರದ ಕಾಗದ. ಬರಲಿಲ್ಲ ಕೂಡ. ಆದರೆ ವಾರ ಕಳೆಯುವಷ್ಟರಲ್ಲಿ ಬಸ್ಸಿನ ಕಂಡಕ್ಟರ್ ಚಾಮಯ್ಯ ಬಟ್ಟೆಯಲ್ಲಿ ಸುತ್ತಿದ ಪುಸ್ತಕ ತಂದುಕೊಟ್ಟ. ಸರ್ವಮಂಗಳಾ ಓದಲಂತೆ, ಅಮ್ಮಣ್ಣಿಯವರು ಕೊಟ್ಟರಂತೆ. ಒಲ್ಲೆ ಎನ್ನುವವರು ಪುಸ್ತಕ ಕಳಿಸುತ್ತಾರೆಯೇ? ಒಪ್ಪಿದವರು ಬರೀ ಪುಸ್ತಕ ಕಳಿಸಿ ಸುಮ್ಮನಿರುತ್ತಾರೆಯೇ? ಅದನ್ನು ಮರಳಿಸಿದರೆ ಇನ್ನೊಂದು ಬಂತು. ದಸರಾಕ್ಕೊಂದು ಬಂತು, ದೀಪಾವಳಿಗೊಂದು ಬಂತು. ಒಪ್ಪಿಗೆಯೊಂದು ಬಿಟ್ಟು ಎಲ್ಲಾ ಬಂತು.

ಪುಸ್ತಕದಲ್ಲಿ ನಿಮಗೆ ಹಿಡಿಸಿದ ಪುಟಕ್ಕೆ ನೀವು ಕೆಂಪು ದಾರ ಇಟ್ಟಿರುತ್ತಿದ್ದಿರಿ. ಮಗಳು ತನಗೆ ಹಿಡಿಸಿದ ಕಡೆ ಕಸೂತಿಯ ಹಸಿರು ದಾರ ಇಟ್ಟು ಕೊಡುತ್ತಿದ್ದಳು. ಕಟ್ಟು ಕಟ್ಟಿ ಬಸ್ಸಿಗೆ ಮುಟ್ಟಿಸುವುದು ನನ್ನ ಕೆಲಸ. ಖಾಲಿ ಪಾತ್ರೆ ಹಿಂತಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ, ಹಾಗಾಗಿ ನಮ್ಮ ಕಡೆಯಿಂದಲೂ ಒಂದೊಂದು ಪುಸ್ತಕ ಜೊತೆಗಿಡುತ್ತಿದ್ದೆ. ಚಿಕ್ಕ ಗಡಿಯಾರದ ಹತ್ತಿರ ಹಳೆ ಪುಸ್ತಕ ಹರವಿಕೊಂಡು ಕೂರುವವನ ಬಳಿ ನಾನೇ ಆರಿಸಿ ತರುತ್ತಿದ್ದೆ. ನನಗೇನು ಗೊತ್ತು ಎನ್ನಬೇಡಿ. ಪುಸ್ತಕ ಮುಚ್ಚಿ ಅಂಚು ನೋಡಬೇಕು. ಮೊದಲ ಒಂದಷ್ಟು ಹಾಳೆ ಮಾತ್ರ ಕೊಳೆಯಾಗಿ ಮಿಕ್ಕದ್ದು ಬೆಳ್ಳಗಿದ್ದರೆ ಕೊಂಡವರು ಯಾರೂ ಮುಗಿಸಿಲ್ಲ ಎಂದರ್ಥ. ಕೊನೆಯ ಹಾಳೆಯವರೆಗೂ ಕೈಯ ಜಿಡ್ಡು ಹತ್ತಿದ್ದರೆ ಕಣ್ಣು ಮುಚ್ಚಿ ತರಬಹುದು. ಅಡುಗೆಯವನೊಬ್ಬ ಕೆಲಸ ಬಿಟ್ಟು ದೇಶ ಸುತ್ತಿದ ಕಥೆ ಹಾಗೆಯೇ ಸಿಕ್ಕಿದ್ದು. ಅದನ್ನು ಓದಿ ನೀವು ಎರಡು ದಿನ ನಗುತ್ತಿದ್ದಿರಿ ಎಂದು ಚಾಮಯ್ಯ ಹೇಳಿದ. ನನಗೂ ಆ ಅಡುಗೆಯವನು ಸಂತೆಯಲ್ಲಿ ಉಪ್ಪು ಮರೆತು ಬರುವ ಕಡೆ ನಗು ತಡೆಯಲಿಲ್ಲ. ಅಂದರೆ, ಮಗಳು ಹೇಳಿದಾಗ.

ಈ ನಡುವೆ ಕೊಳ್ಳೇಗಾಲದಿಂದ ಒಂದು ಸಂಬಂಧ ಬಂದಿದೆ. ಮಾಘದಲ್ಲೇ ಲಗ್ನವಾಗಬೇಕಂತೆ, ಈ ಸೋಮವಾರದೊಳಗೆ ಮಾತು ಕೊಡಬೇಕಂತೆ. ಒಂದು ಕಡೆ ಮಾತು ನಡೆಯುತ್ತಿರುವಾಗ ಇನ್ನೊಂದು ಕಡೆ ಹೂಂ ಎನ್ನುವುದು ಹೇಗೆ? ನಿಮ್ಮಿಂದ ಒಂದು ಮಾತು ತರಿಸೋಣವೆಂದು ನಿನ್ನೆ ಎಳ್ಳುಬೆಲ್ಲದ ಪೊಟ್ಟಣ ಹಿಡಿದು ಬಸ್ಸಿಗೆ ಹೋದೆ. ಚಾಮಯ್ಯ ಹೊಸ ಪುಸ್ತಕ ಕೈಗಿಟ್ಟು, ‘ಅಯ್ಯೋ, ಗೊತ್ತಿಲ್ವೇನವ್ವ? ಅಮ್ಮಣ್ಣಿಯೋರ ಮಗ ಶಿವರುದ್ರಪ್ಪೋರ್ಗೆ ಚಾಮರಾಜನಗರದ ಹೆಣ್ಣು ಗೊತ್ತಾಗೋಯ್ತು. ಹೋದ್ ವಾರ ಊಟ ನಾನೇ ಉಂಡ್ಬುಟ್ಟು ಬಂದೆ’ ಎಂದ. ಹೆಣ್ಣು ಅಲ್ಲಿ, ಪುಸ್ತಕ ಇಲ್ಲಿ!

ಅವನು ಅಷ್ಟಕ್ಕೇ ಬಿಡಲಿಲ್ಲ. ನಿಮ್ಮ ಹಿತ್ತಿಲ ಪಕ್ಕದ ಮನೆಯವನಲ್ಲವೇ, ಎಲ್ಲ ಕೇಳಿಸಿಕೊಂಡಿದ್ದಾನೆ. ನೀವು ಮಗನ ಜೊತೆ ಮಾತು ಬಿಟ್ಟಿದ್ದಿರಂತೆ. ‘ಬಿಳಿ ದಾರ ಇಡೋ ಹುಡ್ಗೀನೇ ನನ್ ಸೊಸೆ’ ಎಂದು ಹಠ ಹಿಡಿದಿದ್ದಿರಂತೆ. ನೀವು ಕಳಿಸಿದ್ದ ಆ ಹರಿಗೋಲು ನಡೆಸುವವಳ ಕಥೆಯ ಮೊದಲ ಭಾಗದಲ್ಲಿ ಗಂಡ ಹೊಳೆಗೆ ಬಿದ್ದು ಸತ್ತ ಕಡೆ ಎಲ್ಲರೂ ಅಳುತ್ತಾರೆ; ಈ ಹುಡುಗಿ ಮಾತ್ರ, ಅವಳು ಸಂಜೆ ಮನೆಗೆ ಬಂದು, ಇನ್ನು ಎಷ್ಟು ಅಕ್ಕಿ ಹಾಕಲಿ ಎಂದು ತಿಳಿಯದೆ ಒಲೆಯ ಮುಂದೆ ನಿಂತುಬಿಡುವ ಪುಟಕ್ಕೆ ಬಿಳಿ ದಾರ ಇಟ್ಟಿದ್ದಾಳೆ, ಇಷ್ಟು ಚಿಕ್ಕವಳಿಗೆ ಅದು ಹೇಗೆ ತಿಳಿಯಿತು ಎಂದು ಕಣ್ಣೊರೆಸಿಕೊಂಡಿರಂತೆ. ಇದನ್ನು ಕೇಳಿ ನನಗಾದ ಗಲಿಬಿಲಿಯನ್ನು ಇಲ್ಲಿ ಬರೆಯುವುದಿಲ್ಲ. ಎಳ್ಳುಬೆಲ್ಲ ಅವನಿಗೇ ಕೊಟ್ಟು ಮನೆಗೆ ಬಂದೆ.

ಮಗಳಿಗೆ ಹೇಗೆ ಹೇಳುವುದೆಂದು ಸಂಕಟಪಟ್ಟುಕೊಂಡು ಹೇಳಿದರೆ, ಅವಳು ಓದುತ್ತಿದ್ದ ಪುಟದಿಂದ ತಲೆ ಎತ್ತದೆ, ‘ನಂಗೆ ಅವತ್ತೇ ಗೊತ್ತಿತ್ತು ಕಣವ್ವ’ ಎಂದಳು! ನೋಡಲು ಬಂದ ದಿನ ಹಿತ್ತಿಲಲ್ಲಿ ಕೈ ತೊಳೆಯಲು ನೀರು ಹಾಕುವಾಗ ನಿಮ್ಮ ಶಿವರುದ್ರ, ತನ್ನ ಮನಸ್ಸು ಬೇರೆ ಕಡೆ ಇದೆ, ತಪ್ಪು ತಿಳಿಯಬೇಡಿ ಎಂದು ಹೇಳಿದ್ದನಂತೆ. ಇವಳು ಆಗಲಿ ಎಂದು ಇನ್ನೊಂದು ಚೊಂಬು ನೀರು ಹಾಕಿದಳಂತೆ. ಮತ್ಯಾಕೆ ಬಾಯಿ ಬಿಡಲಿಲ್ಲವೇ ಎಂದರೆ, ‘ಹೇಳಿದ್ರೆ ಮಾರನೇ ದಿನಾನೇ ಇನ್ನೊಬ್ಬರಿಗೆ ಉಪ್ಪಿಟ್ಟು ಕೆದಕ್ತಿದ್ದೆ. ನನ್ನ ಬಿ.ಎ. ಎಲ್ಲಿ ಮುಗೀತಿತ್ತು? ಪುಸ್ತಕಗಳೂ ನಿಂತ್ಹೋಗ್ತಿದ್ವು’ ಎಂದಳು. ಮೂಟೆ ಕೊರೆದ ಇಲಿ ನನ್ನ ಮನೆಯಲ್ಲೇ ಇತ್ತು.

ಈಗ ಹೇಳಿ, ನಾನು ಯಾರ ಮೇಲೆ ಸಿಟ್ಟಾಗಲಿ? ಮಗನ ಮನಸ್ಸು ಗೊತ್ತಿದ್ದೂ ನನ್ನನ್ನು ಕಾಯಿಸಿದಿರಿ ಎಂದು ನಿಮ್ಮ ಮೇಲೆಯೇ? ನೀವು ಗೆಲ್ಲಲಿಲ್ಲವಲ್ಲಾ ಎಂದೇ? ಸತ್ಯ ಹೇಳಿದ ಹುಡುಗನ ಮೇಲೆಯೇ? ರಾತ್ರಿ ಸಿಟ್ಟು ಬಂದದ್ದು ನಿಜ. ನಿಮ್ಮ ಪುಸ್ತಕವನ್ನು ಒಲೆಯ ಪಕ್ಕ ಎಸೆದೆ. ಬೆಳಗ್ಗೆ ಎದ್ದು ಒಲೆ ಹಚ್ಚುವ ಮುಂಚೆ ತೆಗೆದು ಸೆರಗಿನಲ್ಲಿ ಒರೆಸಿ ಗೂಡಿನಲ್ಲಿಟ್ಟೆ. ಯಾಕೆ ಎಂದು ಕೇಳಬೇಡಿ.

ಕೊಳ್ಳೇಗಾಲದವರಿಗೆ ಪರೀಕ್ಷೆ ಮುಗಿಯುವ ತನಕ ಲಗ್ನದ ಮಾತೇ ಬೇಡ, ಕಾಯುವುದಿದ್ದರೆ ಕಾಯಿರಿ ಎಂದು ಇವತ್ತು ಹೇಳಿ ಕಳಿಸಿದೆ. ಮಗಳಿಗೆ ಬೇಕಾದದ್ದು ಅಷ್ಟೇ. ನನಗೆ ಬೇಕಾದದ್ದು ಏನು ಎನ್ನುವುದು ಮಾತ್ರ ಈ ಕಾಗದ ಮುಗಿಯುತ್ತಾ ಬಂದರೂ ಸ್ಪಷ್ಟವಾಗಲಿಲ್ಲ. ಜಗಳ ಆಡಿದೆನೋ? ಓದಿ ನೋಡಿದರೆ ಆಡಿದ ಹಾಗೆ ಕಾಣುವುದಿಲ್ಲ.

ನಿಮ್ಮ ಮನೆಗೆ ಬರುವ ಚಾಮರಾಜನಗರದ ಹುಡುಗಿಗೆ ಒಳ್ಳೆಯದಾಗಲಿ. ಓದಲು ಬಾರದಿದ್ದರೂ ಅವಳನ್ನು ಬಯ್ಯಬೇಡಿ.

ಇಂತಿ, ಬೀಗಿತ್ತಿಯಾಗದೆ ಉಳಿದ
ಪುಟ್ಟಬಸಮ್ಮ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಸರ್ವಮಂಗಳಾ ಇಡುತ್ತಿದ್ದದ್ದು ಹಸಿರು ದಾರ ಮಾತ್ರ. ಬಿಳಿಯದು ಹಪ್ಪಳದ ಕಟ್ಟಿಗೆ ಸುತ್ತುವ ನೂಲು. ಅವಳು ಕಾಲೇಜಿಗೆ ಹೋದ ಮೇಲೆ, ಹಪ್ಪಳ ಬಿಸಿಲಿಗೆ ಹಾಕಿ ಕಾಗೆ ಕಾಯುತ್ತಾ ಕೂತು, ಒಂದೊಂದೇ ಪುಟ ನಾನೂ ಓದುತ್ತಿದ್ದೆ. ಒಲೆಯ ಮುಂದೆ ನಿಂತದ್ದು ಆ ಚಿಕ್ಕವಳಿಗೆ ಹೇಗೆ ತಿಳಿಯಿತು ಎಂದಿರಂತೆ. ಅವಳಿಗೆ ತಿಳಿದಿಲ್ಲ ಅಕ್ಕಾ, ತಿಳಿಯುವುದೂ ಬೇಡ. ನೀವು ಹಠ ಹಿಡಿದ ಹುಡುಗಿಗೆ ಸೊಸೆಯಾಗಿ ಬರುವ ವಯಸ್ಸು ಯಾವತ್ತೋ ದಾಟಿದೆ. ಹರಿಗೋಲಿನವಳು ಪ್ರವಾಹದಲ್ಲಿ ಆಚೆ ದಡ ಸೇರಿದಳೋ ಇಲ್ಲವೋ ತಿಳಿಯಬೇಕು, ಆ ಬಿಳಿ ದಾರದ ಹುಡುಗಿಗೆ ಎರಡನೆಯ ಭಾಗ ಕಳಿಸಿಕೊಡಿ.